ಹಾಳೆ ಹಿಂದಿನ ಒಂದು ಸಾಲು: ದಿನಾ ಏನಾದ್ರೂ ಮಾಡೋದು, ಮಾಡಿದ್ದನ್ನ ಮೆಚ್ಚೋದು – ನನ್ನ ಅನುಭವ

ಕೊನೆಗೂ ಇದನ್ನ ಬರೀತಿದೀನಿ. ದಿನಾ ಒಂದು ಚಿಕ್ಕ ಚೀಟಿ ಮೇಲೆ ಏನಾದ್ರೂ ಬಿಡಿಸೋದು ಇಲ್ಲಾ ಬರೆಯೋದು, ಅದರ ಹಿಂದೆ ನಾನು ಮಾಡಿದ್ದರ ಬಗ್ಗೆ ಒಂದು ಸಾಲು ಬರೆದು ಡಬ್ಬಕ್ಕೆ ಹಾಕೋದು, ಇದೇ ನನ್ನ ಪದ್ಧತಿ. ಶುರು ಮಾಡಿದಾಗ ನಾಲ್ಕೈದು ಜನ ಒಂದು ತಿಂಗಳೂ ನಡೆಯಲ್ಲ ಅಂದಿದ್ರು, ಅಕ್ಕ ಅಂತೂ "ನಿನ್ನ ಬೆನ್ನು ನೀನೇ ತಟ್ಕೊಳ್ಳೋಕೆ ಒಂದು ಡಬ್ಬ ಬೇರೆ ಬೇಕೇನೇ" ಅಂತ ಕೇಳಿದ್ಲು. ಎರಡೂವರೆ ವರ್ಷ ಆಗ್ತಾ ಬಂತು, ಮೊದಲನೇ ಡಬ್ಬ ತುಂಬಿ ಎರಡನೇದು ಅರ್ಧಕ್ಕೆ ಬಂದಿದೆ, ಬೇಡ ಅಂದೋರಲ್ಲಿ ಇಬ್ರು ಈಗ ಇದನ್ನೇ ಮಾಡ್ತಿದಾರೆ, ಅದ್ರಲ್ಲಿ ಒಬ್ಳು ಅಕ್ಕನೇ.

ಜರ್ನಲ್, ಸ್ಕೆಚ್‌ಬುಕ್, ಪ್ರಾಂಪ್ಟ್ (ಇವತ್ತು ಇದನ್ನ ಮಾಡು ಅನ್ನೋ ಸೂಚನೆ), ಟೈಮರ್ ಇವೆಲ್ಲ ನಿಮಗೆ ಗೊತ್ತಿರೋದೇ, ನೀವೂ ಮಾಡಿ ಬಿಟ್ಟಿರೋರೇ ಇರ್ತೀರಿ, ಹಾಗಾಗಿ ಅದನ್ನ ಮತ್ತೆ ವಿವರಿಸಲ್ಲ. ಎಲ್ಲೆಲ್ಲಿ ಕೈಕೊಡ್ತು, ದುಡ್ಡು ಎಲ್ಲಿ ಹೋಯ್ತು, ಉಳಿದು ನಿಂತಿದ್ದು ಯಾವ್ದು, ಅಷ್ಟೇ.

ದುಡ್ಡಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ಎಲ್ರೂ ಸುಮ್ನಿರೋದು ಅಲ್ಲೇ. ಮೊದಲನೇ ವರ್ಷ ನಾನು ಸಾಮಾನಿಗೆ ಹಾಕಿದ್ದು ಹೆಚ್ಚುಕಮ್ಮಿ ಅರ್ಧ ತಿಂಗಳ ಸಂಬಳ. ಗಟ್ಟಿ ರಟ್ಟಿನ ಸ್ಕೆಚ್‌ಬುಕ್ ಮೂರೋ ನಾಲ್ಕೋ, 300 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ಅನ್ನೋ ಲೆಕ್ಕ) ಕಾಟನ್ ಪೇಪರ್, ವಾಟರ್‌ಕಲರ್ ಸೆಟ್, ಬ್ರಷ್ ಪೆನ್, ಆಮೇಲೆ ಮೂಡ್ ಟ್ರ್ಯಾಕ್ ಮಾಡೋ ಆ್ಯಪ್‌ಗೆ ವರ್ಷದ ಚಂದಾ, ಒಂದು ಆನ್‌ಲೈನ್ ಕೋರ್ಸ್. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಅದೇ. ಕೋರ್ಸ್ ಚೆನ್ನಾಗೇ ಇತ್ತು, ಆದ್ರೆ ವಿಡಿಯೋ ನೋಡಿ ಮುಗಿಸೋ ಹೊತ್ತಿಗೆ ಕೈಲಿ ಏನಾದ್ರೂ ಮಾಡೋ ಆಸೆ ತೀರಿ ಹೋಗಿರ್ತಿತ್ತು. ಆ ಕಾಟನ್ ಪೇಪರ್ ಕಥೆ ಇನ್ನೂ ವಿಚಿತ್ರ. ಹಾಳೆ ಎಷ್ಟು ದುಬಾರಿಯೋ ಕೈ ಅಷ್ಟು ಬಿಗಿಯಾಗತ್ತೆ, ಇಷ್ಟು ಒಳ್ಳೆ ಹಾಳೆ ಮೇಲೆ ಏನೋ ಒಂದು ಗೀಚೋದಾ ಅಂತ ಅನ್ನಿಸಿ ಖಾಲಿಯಾಗೇ ಎತ್ತಿಡ್ತೀವಿ. ಅದ್ರಲ್ಲಿ ಮುಕ್ಕಾಲು ಭಾಗ ಇನ್ನೂ ಹಾಗೇ ಇದೆ.

ಈಗ ಬಳಸೋದು ಮಾಮೂಲಿ ಪ್ರಿಂಟರ್ ಪೇಪರ್, 80 ಜಿಎಸ್‌ಎಂ. ಎ4 ಹಾಳೆನ ಎರಡು ಸಲ ಮಡಚಿ ಹರಿದ್ರೆ ನಾಲ್ಕು ಎ6 ಚೀಟಿ, ಅಂದ್ರೆ 105ಕ್ಕೆ 148 ಮಿಲಿಮೀಟರ್, ಅಂಗೈ ಅಗಲ. ಒಂದು ರೀಮ್‌ನಲ್ಲಿ 500 ಹಾಳೆ, ಹಂಗಾದ್ರೆ 2000 ಚೀಟಿ, ದಿನಕ್ಕೊಂದು ಅಂದ್ರೆ ಐದು ವರ್ಷ ದಾಟತ್ತೆ. ಮೊದಲು ತಗೊಂಡ ಒಂದು ಸ್ಕೆಚ್‌ಬುಕ್‌ಗೆ ಕೊಟ್ಟಷ್ಟು ದುಡ್ಡೂ ಇದಕ್ಕೆ ಆಗ್ಲಿಲ್ಲ. ಮಾರ್ಕರ್ ಹಾಕಿದ್ರೆ ಹಿಂದಕ್ಕೆ ಇಂಕು ಇಳಿಯತ್ತೆ, ಆಗ ಹಿಂದೆ ಬರೆಯೋಕಾಗಲ್ಲ, ನಮಗೆ ಬೇಕಿರೋದೇ ಆ ಹಿಂಬದಿ, ಹಾಗಾಗಿ ಬಾಲ್‌ಪೆನ್ ಅಥವಾ ಮೆತ್ತಗಿನ 2ಬಿ ಪೆನ್ಸಿಲ್. ಒಂದು ಕಡೆ ಪ್ರಿಂಟ್ ಆಗಿರೋ ರದ್ದಿ ಹಾಳೆನೂ ಇದೇ ಕಾರಣಕ್ಕೆ ಬರಲ್ಲ.

ಇನ್ನು ನಮ್ಮನ್ನ ನಾವು ಮೆಚ್ಚೋ ಭಾಗ. ಅಸಲಿ ಕಷ್ಟ ಇದ್ದಿದ್ದು ಅಲ್ಲೇ. ಎಲ್ರೂ ಹೇಳೋ ಥರ ಕನ್ನಡಿ ಮುಂದೆ ನಿಂತು "ನಾನು ಪ್ರತಿಭಾವಂತೆ, ನಾನು ಸಾಕಷ್ಟು ಇದ್ದೀನಿ" ಅಂತ ಬೆಳಿಗ್ಗೆ ಬೆಳಿಗ್ಗೆ ಹೇಳೋದನ್ನ ಎರಡು ಮೂರು ತಿಂಗಳು ನಿಯತ್ತಾಗಿ ಮಾಡಿದೀನಿ. ಬಾಯಿ ಒಂದು ಹೇಳ್ತಿತ್ತು, ಒಳಗಿಂದ ಇನ್ನೊಂದು ದನಿ ಕೂತ್ಕೊಂಡು ಅದಕ್ಕೆ ತಕರಾರು ತೆಗೀತಿತ್ತು, ಪ್ರತಿಭೆ ಎಲ್ಲಿದೆ ತೋರ್ಸು ನೋಡೋಣ ಅಂತ. ಮುಗಿಯೋ ಹೊತ್ತಿಗೆ ಮುಂಚಿಗಿಂತ ಮನಸ್ಸು ಕುಗ್ಗಿರ್ತಿತ್ತು. ಇದು ನನಗೊಬ್ಬಳಿಗೇ ಅಲ್ಲ. 2009ರಲ್ಲಿ ಜೋಆನ್ ವುಡ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಇದೇ ಥರದ ಮಾತನ್ನ ಜನರ ಕೈಲಿ ಮತ್ತೆ ಮತ್ತೆ ಹೇಳ್ಸಿ ನೋಡಿದ್ರು, ಮೊದಲೇ ತಮ್ಮ ಬಗ್ಗೆ ಒಳ್ಳೆ ಅಭಿಪ್ರಾಯ ಇದ್ದೋರಿಗೆ ಸ್ವಲ್ಪ ಲಾಭ ಆಯ್ತು, ಇಲ್ಲದೋರಿಗೆ ಉಲ್ಟಾ ಹೊಡೀತು. ಅಂದ್ರೆ ಯಾರಿಗೆ ಬೇಕಾಗಿದ್ಯೋ ಅವರಿಗೇ ಕೆಲಸ ಮಾಡಲ್ಲ. ಇದು ಗೊತ್ತಾದಾಗ ನನಗೆ ನಿಜವಾಗ್ಲೂ ಒಂದು ಭಾರ ಇಳಿದಂಗಾಯ್ತು.

ಆಮೇಲೆ ಲೈಕ್ ದಾರಿ. ಮಾಡಿದ್ದನ್ನೆಲ್ಲ ಪೋಸ್ಟ್ ಮಾಡ್ತಾ ಹೋದೆ, ಶುರುವಿನಲ್ಲಿ ಹುರುಪೋ ಹುರುಪು, ಎರಡನೇ ತಿಂಗಳಿಗೆ ನಾನು ಮಾಡೋದೆಲ್ಲ ಲೈಕ್ ಬೀಳೋ ಥರದ್ದೇ ಆಗೋಯ್ತು, ಮೂರನೇದಕ್ಕೆ ಕೈ ನಿಂತೇ ಹೋಯ್ತು. ಚಿಕ್ಕ ಮಕ್ಕಳ ಮೇಲೆ 1973ರಲ್ಲಿ ಮಾಡಿದ ಒಂದು ಪ್ರಯೋಗ ಇದೆ, ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಮನಶ್ಶಾಸ್ತ್ರಜ್ಞರದ್ದು. ಮಾರ್ಕರ್‌ನಲ್ಲಿ ಚಿತ್ರ ಬಿಡಿಸೋದು ಅಂದ್ರೆ ಇಷ್ಟ ಇರೋ ಮಕ್ಕಳನ್ನೇ ಆರಿಸಿ, ಒಂದು ಗುಂಪಿಗೆ ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ರು, ಒಂದು ಗುಂಪಿಗೆ ಹೇಳದೇ ಕೊಟ್ರು, ಇನ್ನೊಂದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿಸ್ಕೊಂಡಿದ್ದ ಮಕ್ಕಳು ಮಾರ್ಕರ್ ಹಿಡಿದು ಕೂರೋ ಹೊತ್ತು ಉಳಿದೋರ ಅರ್ಧಕ್ಕೆ ಇಳಿದಿತ್ತು. ಹೇಳದೇ ಕೊಟ್ಟೋರಿಗೆ ಏನೂ ಆಗಿರ್ಲಿಲ್ಲ ಅನ್ನೋದು ಇಲ್ಲಿ ಮುಖ್ಯ. ಮೆಚ್ಚುಗೆ ಕೆಟ್ಟದ್ದಲ್ಲ, ಕೆಲಸಕ್ಕೆ ಮುಂಚೆನೇ ಅದು ಬಂದು ಎದುರಿಗೆ ಕೂತ್ರೆ ಕೆಲಸ ಕೆಡತ್ತೆ. ನನ್ನ ಪದ್ಧತಿಯ ಬೇರು ಇಲ್ಲೇ ಇರೋದು.

ಈಗ ಪದ್ಧತಿ. ಚೀಟಿಯ ಮುಂಬದಿಲಿ ಏನಾದ್ರೂ ಒಂದು ಮಾಡೋದು, ಹದಿನೈದು ನಿಮಿಷದ ಆಸುಪಾಸು, ಒಂದೇ ಒಂದು ಕಟ್ಟುಪಾಡು ಇಟ್ಕೊಂಡು. ಪೆನ್ ಎತ್ತದೇ ಬಿಡಿಸೋದು, ಬರೀ ನೆರಳು ಮಾತ್ರ ಹಾಕೋದು, ಹಾಳೆ ನೋಡದೇ ಗೆರೆ ಎಳೆಯೋದು, ಅಥವಾ ಬರೆಯೋದಾದ್ರೆ ಒತ್ತಕ್ಷರ ಇಲ್ಲದ ಎರಡು ಸಾಲು. ಈ ಕೊನೇದು ನನಗೆ ಭಾಳ ಇಷ್ಟ, ನೀವೂ ಟ್ರೈ ಮಾಡಿ, ಕನ್ನಡದಲ್ಲಿ ಒತ್ತು ಇಲ್ಲದೇ ಬರೆಯೋಕೆ ಕೂತ್ರೆ "ಇಲ್ಲ" ಅನ್ನೋಕಾಗಲ್ಲ, "ಮತ್ತೆ" ಅನ್ನೋಕಾಗಲ್ಲ, "ಅಮ್ಮ" ಅನ್ನೋಕೂ ಆಗಲ್ಲ, ತಲೆ ಬೇರೆ ದಾರಿ ಹುಡುಕ್ಲೇಬೇಕು. ಒಂದು ಸಲ ಬಂದಿದ್ದು: "ಹಳೆಯ ಕೊಡೆ ಗೋಡೆಗೆ ಒರಗಿ ನಿಂತಿದೆ, ಮಳೆ ಮುಗಿದರೂ ಅದರ ತುದಿಯಲಿ ಹನಿ ಉಳಿದಿದೆ." ದೊಡ್ಡ ಕವಿತೆ ಅಂತ ನಾನು ಹೇಳಲ್ಲ, ಆದ್ರೆ ಆ ಕಟ್ಟುಪಾಡು ಇಲ್ದೇ ಇದ್ದಿದ್ರೆ ಕೊಡೆ ತುದಿಯ ಹನಿ ನನ್ನ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ.

ಮುಂಬದಿ ಕೆಲಸ ಮುಗಿದ ತಕ್ಷಣ, ಏಳೋದಕ್ಕೆ ಮುಂಚೆ, ಚೀಟಿ ತಿರುಗಿಸಿ ಹಿಂದೆ ಒಂದು ಸಾಲು. ಎಲ್ರೂ ಎಡವೋದು ಇಲ್ಲಿ. ಆ ಸಾಲಲ್ಲಿ "ಚೆನ್ನಾಗಿದೆ", "ಸೂಪರ್", "ಪರವಾಗಿಲ್ಲ" ಇಂಥ ಮಾತು ಬರೋ ಹಂಗಿಲ್ಲ. ನಾನು ಏನು ಮಾಡಿದೆ, ಅದ್ರಿಂದ ಏನಾಯ್ತು, ಅಷ್ಟೇ ಬರಬೇಕು, ಮತ್ತೆ ಅದು ಈ ಚೀಟಿಲೇ ಬೆರಳಿಟ್ಟು ತೋರ್ಸೋ ಥರ ಇರ್ಬೇಕು. ಒಂದು ದಿನ ಕತ್ತರಿ ಬಿಡಿಸಿದ್ದೆ, ಪೆನ್ ಎತ್ತದೇ. ಎರಡು ಅಲಗು ಒಂದರ ಮೇಲೊಂದು ಬರೋ ಜಾಗ ಪೂರ್ತಿ ಗೋಜಲು, ಸ್ಕ್ರೂ ಎಲ್ಲೋ ಹೋಗಿ ಕೂತಿದೆ, ಯಾರಾದ್ರೂ ನೋಡಿದ್ರೆ ಇದೇನು ಅಂತ ಕೇಳೋ ಹಂಗಿದೆ. ಹಿಂದೆ ಬರೆದಿದ್ದು: "ಎರಡನೇ ಹಿಡಿಯ ಹತ್ರ ಬಂದಾಗ ಕೈ ನಿಧಾನ ಮಾಡಿದೆ, ಉಂಗುರದ ಒಳಗಿನ ಖಾಲಿ ಜಾಗ ಅದಕ್ಕೇ ಸರಿಯಾಗಿ ಬಂತು." ಈ ಮಾತಿಗೆ ಒಳಗಿನ ದನಿ ತಕರಾರು ತೆಗೆಯೋಕಾಗಲ್ಲ, ಉಂಗುರ ಕಣ್ಮುಂದೆನೇ ಇದೆ. ಕನ್ನಡಿ ಮುಂದಿನ ಮಾತಿಗೂ ಇದಕ್ಕೂ ಇರೋ ಫರಕು ಇದೇ ನೋಡಿ, ಇಲ್ಲಿ ಸಾಕ್ಷಿ ಮೊದಲು, ಮಾತು ಆಮೇಲೆ.

ತೀರಾ ಕೆಟ್ಟು ಹೋದ ದಿನ ಏನು ಬರೆಯೋದು ಅಂತ ಅಕ್ಕ ಕೇಳಿದ್ಲು. ಬರೆಯೋಕೆ ಇದ್ದೇ ಇರತ್ತೆ. "ಗೆರೆ ತಪ್ಪಿದ್ಮೇಲೂ ಅಳಿಸದೇ ಮುಂದೆ ಹೋದೆ", "ಎಲೆಯ ನರ ಎದುರುಬದುರಾಗಿ ಇಲ್ಲ, ಒಂದಾದ ಮೇಲೊಂದು ಇದೆ ಅಂತ ನೋಡಿದೆ". ನೋಡಿದ್ದೂ ಕೆಲಸನೇ. ಅವಳ ಮೊದಲನೇ ವಾರದ ಚೀಟಿಗಳಲ್ಲಿ ಹಿಂದೆಲ್ಲ "ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಅಂತಿತ್ತು. ಅದನ್ನ ಹೊಡೆದು ಹಾಕಿಸಿ ಪಕ್ಕದಲ್ಲೇ ಕೂತು, ಹೂವಿನ ಕುಂಡದ ಚಿತ್ರ ತೋರ್ಸಿ, ಇಲ್ಲಿ ಬಾಯಿ ಯಾಕೆ ಅಂಡಾಕಾರ ಬಂದಿದೆ, ನೀನು ಏನು ಮಾಡಿದೆ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಮೇಲಿಂದ ನೋಡ್ತಿದ್ದೆ ಅಲ್ವಾ, ಗುಂಡಗೆ ಕಾಣ್ತಿರ್ಲಿಲ್ಲ, ಕಂಡಂಗೆ ಹಾಕ್ದೆ" ಅಂದ್ಲು. ಅದನ್ನೇ ಬರಿ ಅಂದೆ. ಅವತ್ತಿಂದ ಅವಳು ನನ್ನನ್ನ ಕೇಳೋದು ನಿಲ್ಲಿಸಿದ್ಲು.

ಬರೆದಿದ್ದನ್ನ ಅವತ್ತೇ ಮತ್ತೆ ಓದ್ಬೇಡಿ. ಡಬ್ಬಕ್ಕೆ ಹಾಕಿ ಮರ್ತುಬಿಡಿ. ಮತ್ತೆ ತೆಗೆಯೋದು ಕೆಲವು ವಾರ ಬಿಟ್ಟು, ಒಂದು ಹಿಡಿ ಚೀಟಿ, ಮೊದಲು ಹಿಂಬದಿ ಓದಿ ಆಮೇಲೆ ತಿರುಗಿಸೋದು. ಯಾವ ಚೀಟಿನ ಯಾವಾಗ ತೆಗೆಯೋದು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದು ಕೂಡಿ ಬರೋಕೆ ಒಂದು ವರ್ಷ ಹಿಡೀತು, ಅದನ್ನ ಇಲ್ಲಿ ಬಿಚ್ಚಲ್ಲ. ಕಟ್ಟುಪಾಡುಗಳನ್ನ ಬರೆದಿಟ್ಟ ಚೀಟಿಗಳನ್ನ ಕಲಸೋ ಕ್ರಮನೂ ಅಷ್ಟೇ. ನೀವು ಮೂರು ತಿಂಗಳು ಮಾಡಿದ್ರೆ ನಿಮ್ಮದು ನಿಮಗೇ ಸಿಗತ್ತೆ.

ಹಳೇ ಚೀಟಿ ಹಿಂಗೆ ತಿರುಗಿಸಿ ನೋಡಿದಾಗ ಏನಾಗತ್ತೆ ಅಂದ್ರೆ, ಹಿಂಬದಿಯ ಮಾತುಗಳೇ ಒಂದು ದಾರಿ ತೋರ್ಸತ್ತೆ. ನನ್ನ ಚೀಟಿಗಳಲ್ಲಿ ಸುಮಾರು ಮೂರರಲ್ಲಿ ಒಂದರಲ್ಲಿ "ನಿಧಾನ ಮಾಡಿದೆ" ಅಂತಲೋ "ನಿಂತು ನೋಡಿದೆ" ಅಂತಲೋ ಇತ್ತು. ನಾನು ಆತುರದವಳು ಅಂತಲೇ ಎಲ್ರೂ, ನಾನೂ, ನಂಬಿದ್ವಿ. ಆಫೀಸಲ್ಲಿ ಒಂದು ದೊಡ್ಡ ರಿಪೋರ್ಟ್ ಬರೆಯೋವಾಗ ಇದು ನೆನಪಾಗಿ, ಸಿಕ್ಕಾಕೊಂಡ ಕಡೆ ಒದ್ದಾಡದೇ ಸುಮ್ನೆ ನಿಂತು ನೋಡಿದೆ, ಕೆಲಸ ಸಲೀಸಾಯ್ತು. ಇಂಥದ್ದು ಒಂದೆರಡಲ್ಲ, ಮನೆಯಲ್ಲಿ ಕಪಾಟು ಜೋಡಿಸೋದರಿಂದ ಹಿಡಿದು ಯಾರಿಗೋ ಕಾಗದ ಬರೆಯೋ ತನಕ ಈಗ ಏನಾದ್ರೂ ಹೊಸ ದಾರಿ ಹೊಳೆಯತ್ತೆ. ಹೆಮ್ಮೆಯಿಂದಲೇ ಹೇಳ್ತೀನಿ.

ಪಕ್ಕದಲ್ಲಿ ಮಾಡಿದ ಬೇರೆ ಪ್ರಯೋಗಗಳು. ಎಡಗೈಲಿ ಬಿಡಿಸೋದು: ಮಜಾ ಬರತ್ತೆ, ಗೆರೆ ಪ್ರಾಮಾಣಿಕವಾಗಿರತ್ತೆ, ಆದ್ರೆ ಹಿಂದೆ ಬರೆಯೋಕೆ ಸಿಗೋದು ಕಮ್ಮಿ, ಎರಡು ವಾರಕ್ಕೆ ಬಿಟ್ಟೆ. ಮೊಬೈಲಲ್ಲಿ ಸದ್ದು ರೆಕಾರ್ಡ್ ಮಾಡೋದು: ಚೆನ್ನಾಗೇ ಹೋಗ್ತಿತ್ತು, ಸದ್ದಿಗೆ ಹಿಂಬದಿ ಇಲ್ವಲ್ಲ, ಬರೆದ ಸಾಲು ಒಂದು ಕಡೆ ಫೈಲ್ ಒಂದು ಕಡೆ, ಜೋಡಿ ತಪ್ಪಿ ಹೋಯ್ತು. ನಡೆದಾಡಿ ಬಂದು ಕೂರೋದು ಮಾತ್ರ ಉಳ್ಕೊಂಡಿದೆ, ಆದ್ರೆ ಅರ್ಧ. 2014ರಲ್ಲಿ ಒಪ್ಪೆಝೋ ಮತ್ತು ಶ್ವಾರ್ಟ್ಜ್ ಅನ್ನೋ ಸಂಶೋಧಕರು ನಡೆಯೋವಾಗ ಜನರಿಗೆ ಐಡಿಯಾ ಜಾಸ್ತಿ ಹುಟ್ಟತ್ತೆ ಅಂತ ತೋರ್ಸಿದ್ರು, ಆದ್ರೆ ಒಂದೇ ಸರಿ ಉತ್ತರ ಹುಡುಕೋ ಥರದ ಕೆಲಸಕ್ಕೆ ಅದು ಹಾಗೆ ನೆರವಾಗ್ಲಿಲ್ಲ. ನನ್ನ ಅನುಭವನೂ ಅದೇ, ಹೊಸ ಕಟ್ಟುಪಾಡು ಹೊಳೆಯೋದು ನಡೆಯೋವಾಗಲೇ, ಚೀಟಿ ಮೇಲಿನ ಕೆಲಸಕ್ಕೆ ನಡೆದಿದ್ದಕ್ಕೂ ನಡೆಯದೇ ಇದ್ದಿದ್ದಕ್ಕೂ ಏನೂ ವ್ಯತ್ಯಾಸ ಕಾಣ್ಲಿಲ್ಲ.

ತಪ್ಪಿದ ದಿನಗಳ ಬಗ್ಗೆ ತುಂಬ ಜನ ಕೇಳ್ತಾರೆ. ನನಗೂ ತಪ್ಪತ್ತೆ, ತಿಂಗಳಿಗೆ ಐದಾರು ದಿನ ಇರ್ಬಹುದು. 21 ದಿನ ಬಿಡದೇ ಮಾಡಿದ್ರೆ ಅಭ್ಯಾಸ ಆಗತ್ತೆ ಅನ್ನೋದನ್ನ ನಂಬ್ಕೊಂಡು ಕೂರ್ಬೇಡಿ. ಫಿಲಿಪಾ ಲಾಲಿ ಅನ್ನೋ ಸಂಶೋಧಕಿಯ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬೊಬ್ಬರಿಗೆ 18 ದಿನದಿಂದ 254 ದಿನದ ತನಕ ಅಂದಾಜು ಬಂದಿತ್ತು, ನಡುವಿನ ಲೆಕ್ಕ 66, ಜೊತೆಗೆ ನಡುವೆ ಒಂದು ದಿನ ತಪ್ಪಿದ್ರೆ ಅಂಥ ನಷ್ಟ ಏನಿಲ್ಲ ಅಂತಲೂ ಕಂಡ್ಬಂತು. ನನಗೆ ನಾಲ್ಕನೇ ತಿಂಗಳ ಹೊತ್ತಿಗೆ ಕೈ ತಾನಾಗೇ ಚೀಟಿ ಕಡೆ ಹೋಗೋಕೆ ಶುರುವಾಯ್ತು. ತಪ್ಪಿದ ದಿನಕ್ಕೆ ಮರುದಿನ ಎರಡು ಮಾಡ್ಬೇಡಿ, ಸಾಲ ತೀರಿಸೋ ಹಂಗಾದ್ರೆ ಒಂದು ವಾರದಲ್ಲಿ ಎದೆ ಮೇಲೆ ಕೂರತ್ತೆ.

ಸದ್ಯಕ್ಕೆ ಅಕ್ಕ ನಾನು ಚೀಟಿ ಅದಲುಬದಲು ಮಾಡ್ತಿದೀವಿ: ಅವಳದ್ದರ ಹಿಂಬದಿ ಮುಚ್ಚಿಟ್ಟು, ನಾನು ಅದ್ರಲ್ಲಿ ಏನು ಕಾಣತ್ತೆ ಅಂತ ಬೇರೆ ಹಾಳೆಲಿ ಬರೆದು, ಆಮೇಲೆ ಎರಡನ್ನೂ ಹೋಲಿಸೋದು. ಅರ್ಧಕ್ಕರ್ಧ ಸಲ ನನ್ನ ಸಾಲೂ ಅವಳ ಸಾಲೂ ಬೇರೆ ಬೇರೆ ಜಾಗ ತೋರ್ಸ್ತಿದೆ. ಇದನ್ನ ಹೊಸಬರ ಜೊತೆ ಮಾಡೋಕೆ ಹೋಗ್ಬೇಡಿ, ಮೊದಲು ಇಬ್ರೂ ಕನಿಷ್ಠ ಆರು ತಿಂಗಳು ತಮ್ಮ ತಮ್ಮ ಹಿಂಬದಿ ತಾವೇ ಬರೆದಿರ್ಬೇಕು.