ಮಗುವಿನ ಜೊತೆ ಕೋರ್ಟಿಗೆ ಹೋಗುವ ಕೆಲಸ

ಹಾವೇರಿ ಕಡೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾನೂನು) ಕೇಸುಗಳಲ್ಲಿ ಮಕ್ಕಳ ಜೊತೆ ಓಡಾಡುವುದು ನನ್ನ ಕೆಲಸ. ಕಾಗದದಲ್ಲಿ ನಮ್ಮನ್ನು ‘ಬೆಂಬಲ ವ್ಯಕ್ತಿ’ ಅನ್ನುತ್ತಾರೆ. ಮಗು ಮತ್ತು ಮನೆಯವರು ಒಪ್ಪಿದರೆ ಮಕ್ಕಳ ಕಲ್ಯಾಣ ಸಮಿತಿ ನೇಮಿಸುತ್ತದೆ. ತನಿಖೆಯಿಂದ ತೀರ್ಪಿನ ತನಕ ಜೊತೆಗಿರಬೇಕು.

ಮೊದಲ ಸಲ ಮನೆಗೆ ಹೋದಾಗ ಏನಾಯ್ತು ಅಂತ ನಾನು ಕೇಳುವುದಿಲ್ಲ. ಪೊಲೀಸರ ಮುಂದೆ, ಡಾಕ್ಟರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿ ಸಾಕಾಗಿರುತ್ತದೆ. ಮತ್ತೆ ನನಗ್ಯಾಕೆ? ತಾಯಂದಿರ ಮೊದಲ ಪ್ರಶ್ನೆ ಹೆಚ್ಚಾಗಿ ಇದು: ‘ಅಕ್ಕೋರ, ಪೇಪರ್‌ನಾಗ ಹೆಸರು ಬರ್ತೈತೇನ್ರಿ?’ ಹೆಸರು, ಫೋಟೊ, ಮನೆ, ಶಾಲೆ, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ, ಹಾಕಿದರೆ ಅದೇ ಒಂದು ಅಪರಾಧ ಅಂತ ಹೇಳುತ್ತೇನೆ. ಇದು ಗಟ್ಟಿಯಾದ ಮೇಲೆಯೇ ಮುಂದಿನ ಮಾತು.

ಆಮೇಲೆ ದುಡ್ಡಿನ ಚಿಂತೆ. ಕೂಲಿ ಬಿಟ್ಟು ಬಸ್ ಹತ್ತಬೇಕು. ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣ ಹಣ ಕೊಡಿ ಅಂತ ಸಮಿತಿ ಶಿಫಾರಸು ಮಾಡಲು ಪೋಕ್ಸೊದ 2020ರ ನಿಯಮಗಳಲ್ಲಿ ಅವಕಾಶ ಇದೆ. ಅರ್ಜಿ ಬರೆದುಕೊಡುವುದೂ ನಾನೇ.

ಸಾಕ್ಷಿಗೆ ಮುಂಚೆ ಒಂದು ದಿನ ಮಗುವಿಗೆ ಖಾಲಿ ಕೋರ್ಟ್ ಹಾಲ್ ತೋರಿಸುತ್ತೇನೆ. ಜಡ್ಜ್ ಎಲ್ಲಿ, ವಕೀಲರು ಎಲ್ಲಿ, ನಾನೆಲ್ಲಿ. ‘ಅಂವ ಬಂದಿರ್ತಾನೇನಕ್ಕಾ?’ ಅಂತ ಒಬ್ಬ ಹುಡುಗಿ ಕೇಳಿದಳು. ಇಲ್ಲ ಅನ್ನುವುದು ಸುಲಭ. ಆದರೆ ಒಂದು ಸುಳ್ಳು ಸಿಕ್ಕಿಬಿದ್ದರೆ ನನ್ನ ಯಾವ ಮಾತನ್ನೂ ಅವಳು ನಂಬುವುದಿಲ್ಲ. ‘ಇರ್ತಾನ. ಆದ್ರ ನಿನಗ ಕಾಣದಂಗ ನಡುವ ಪರದೆ ಹಾಕ್ತಾರವ್ವಾ’ ಅಂದೆ. ವಕೀಲರು ನೇರವಾಗಿ ಅವಳನ್ನು ಕೇಳುವಂತಿಲ್ಲ, ಪ್ರಶ್ನೆ ಜಡ್ಜ್ ಮೂಲಕವೇ ಬರಬೇಕು ಅನ್ನುವುದನ್ನೂ ಹೇಳಿದೆ.

ಅಲ್ಲೇ ಕೂತು ಒಂದು ಆಟ ಆಡಿಸುತ್ತೇನೆ. ‘ನಮ್ಮಜ್ಜಿ ಹೆಸರೇನು ಹೇಳು.’ ಮಕ್ಕಳು ಏನೋ ಒಂದು ಊಹೆ ಮಾಡಿ ಹೇಳುತ್ತವೆ, ದೊಡ್ಡವರು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಲ್ವಾ! ‘ನೀ ನಮ್ಮಜ್ಜೀನ ನೋಡೇ ಇಲ್ಲಲ್ಲ, ಗೊತ್ತಿಲ್ಲ ಅನ್ನು’ ಅಂತೀನಿ. ಎರಡು ಮೂರು ಪ್ರಶ್ನೆ ಆಗುವಷ್ಟರಲ್ಲಿ ನಗುತ್ತಾ ‘ಗೊತ್ತಿಲ್ರೀ’ ಅಂತ ಜೋರಾಗಿ ಹೇಳುತ್ತವೆ. ‘ತಿಳೀಲಿಲ್ಲ, ಮತ್ತೊಮ್ಮೆ ಹೇಳ್ರಿ’ ಅನ್ನುವುದನ್ನೂ ಹೀಗೇ ಕಲಿಸುತ್ತೇನೆ. ಕೇಸಿನ ವಿಷಯ ಮಾತ್ರ ಎತ್ತುವುದಿಲ್ಲ. ಎತ್ತಿದರೆ ಅದು ಗಿಳಿಪಾಠ. ಎದುರಿನ ವಕೀಲರಿಗೆ ಬೇಕಾಗಿರುವುದೂ ಅದೇ.

ಎಲ್ಲಕ್ಕಿಂತ ಜಾಸ್ತಿ ಕಷ್ಟ ಊರ ಹಿರಿಯರದ್ದು. ‘ಹುಡುಗಿಗೆ ಹದಿನೈದು ಆಗೈತಿ, ಲಗ್ನ ಮಾಡಿ ಮುಗಿಸ್ರಿ. ಹಿಂದಿನಿಂದ ನಡಕೊಂಡ ಬಂದೈತಲ್ರೀ’ ಅನ್ನುತ್ತಾರೆ. ಜಗಳಕ್ಕೆ ಇಳಿಯದೆ ಆ ಹಿಂದಿನದ್ದನ್ನೇ ಹೇಳುತ್ತೇನೆ. 1860ರ ಕಾನೂನಿನಲ್ಲಿ ಹೆಣ್ಣುಮಗುವಿಗೆ 10 ತುಂಬಿದ್ದರೆ ಗಂಡನ ಮೇಲೆ ಅತ್ಯಾಚಾರದ ಕೇಸು ನಿಲ್ಲುತ್ತಿರಲಿಲ್ಲ. ಬಂಗಾಳದ ಫೂಲ್‌ಮಣಿ ಅನ್ನುವ ಹುಡುಗಿ ಗಂಡನ ಬಲಾತ್ಕಾರದಿಂದ ಸತ್ತಳು. ಹತ್ತು ದಾಟಿದ್ದಳು ಅಂತ ಅವನಿಗೆ ಅತ್ಯಾಚಾರದ ಶಿಕ್ಷೆ ಆಗಲೇ ಇಲ್ಲ. 1891ರಲ್ಲಿ ವಯಸ್ಸನ್ನು 12ಕ್ಕೆ ಏರಿಸಿದರು, ಅದಕ್ಕೂ ಧರ್ಮ ಕೆಡುತ್ತದೆ ಅಂತ ದೊಡ್ಡ ದೊಡ್ಡವರೇ ವಿರೋಧಿಸಿದ್ದರು. ಒಪ್ಪಿಗೆಯ ವಯಸ್ಸು 18 ಆಗಿದ್ದು 2012ರ ಪೋಕ್ಸೊ ಬಂದ ಮೇಲೆ. ಗಂಡುಮಕ್ಕಳಿಗೂ ಅದೇ ರಕ್ಷಣೆ ಸಿಕ್ಕಿದ್ದು ಆಗಲೇ. ಇದನ್ನು ಕೇಳಿ ಕೆಲವರು ಸುಮ್ಮನಾಗುತ್ತಾರೆ. ಕೆಲವರಿಗೆ ‘ಈ ಕೇಸು ರಾಜಿಗೆ ಬರುವುದಿಲ್ಲ’ ಅಂತ ಕಡ್ಡಿ ಮುರಿದಂತೆ ಹೇಳಬೇಕು. (ಹದಿಹರೆಯದವರು ಇಬ್ಬರೇ ಪ್ರೀತಿಸಿ ಓಡಿಹೋದ ಕೇಸೂ ಇದೇ ಕಾನೂನಿಗೆ ಬರುತ್ತದೆ. ಅಲ್ಲಿ ನನಗೂ ತಳಮಳ ಇದೆ.)

ಸಾಕ್ಷಿ ಮುಗಿದ ಮೇಲೆ ಪರಿಹಾರದ ಅರ್ಜಿ, ಬಿಟ್ಟ ಶಾಲೆಗೆ ಮತ್ತೆ ಸೇರಿಸುವುದು, ಬೇಕಾದರೆ ಹಾಸ್ಟೆಲ್ ಸೀಟು. ತೀರ್ಪು ಏನಾಯ್ತು ಅಂತ ತಿಳಿಸುವುದೂ ನನ್ನ ಕೆಲಸವೇ. ಶಿಕ್ಷೆಯಾದರೆ ಫೋನ್ ಮಾಡುತ್ತೇನೆ. ಆರೋಪಿ ಬಿಡುಗಡೆಯಾದ ದಿನ ಫೋನ್ ಮಾಡುವುದಿಲ್ಲ, ಬಸ್ ಹಿಡಿದು ಮನೆಗೇ ಹೋಗುತ್ತೇನೆ.