ವೆನಿಸ್‌ಗೆ ಹುಟ್ಟು ಹಾಕಲು ಹೋದಾಗ ಇನ್ಶೂರೆನ್ಸ್ ಮಾಡಿಸಿದ್ದು

ಮಂಗಳೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದೆ. ಬೋಟ್ ಪುಲ್ಲಿಂಗ್ ಅಂತ ಭಾರದ ದೋಣಿಗೆ ಹುಟ್ಟು ಹಾಕಿಸುತ್ತಿದ್ದರು. ಆಮೇಲೆ ಚಿಕ್ಕಮಗಳೂರಿಗೆ ಬಂದು ಕಾಫಿ ತೋಟಕ್ಕೆ ಅಂಟಿಕೊಂಡೆ. ಬೇಲೂರಿನ ಯಗಚಿ ಜಲಾಶಯದಲ್ಲಿ ಆಗಾಗ ಕಯಾಕ್ ಓಡಿಸಿದ್ದು ಬಿಟ್ಟರೆ ಇಪ್ಪತ್ತೈದು ವರ್ಷ ನೀರಿನ ಸಹವಾಸ ಇರಲಿಲ್ಲ.

ತಂಗಿಯ ಗಂಡ ಜರ್ಮನಿಯಲ್ಲಿದ್ದಾರೆ. ಅಲ್ಲಿನ ರೋಯಿಂಗ್ ಕ್ಲಬ್ ಸದಸ್ಯರು. ಒಂದು ದಿನ ಫೋನ್ ಮಾಡಿ, "ಭಾವ, ವೋಗಾಲೋಂಗಾಗೆ ಹೋಗ್ತಿದ್ದೀವಿ. ನಮ್ಮ ಬೋಟಲ್ಲಿ ಒಂದು ಸೀಟು ಖಾಲಿ ಇದೆ, ಬರ್ತೀರಾ?" ಅಂದರು. ವೋಗಾಲೋಂಗಾ ಅಂದರೆ ವೆನಿಸ್‌ನಲ್ಲಿ ಸುಮಾರು 30 ಕಿಲೋಮೀಟರ್ ಹುಟ್ಟು ಹಾಕುವ ಹಬ್ಬ. ಮೋಟಾರ್ ಬೋಟುಗಳ ಅಲೆ ಊರಿನ ಅಡಿಪಾಯವನ್ನೇ ತಿನ್ನುತ್ತಿದೆ ಅಂತ ಪ್ರತಿಭಟಿಸಲು 1975ರಲ್ಲಿ ಶುರುವಾಯಿತು. ಪಂದ್ಯವಲ್ಲ, ಮೊದಲ ಬಹುಮಾನ ಎರಡನೇ ಬಹುಮಾನ ಯಾವುದೂ ಇಲ್ಲ. ಇದು ಪಂದ್ಯವಲ್ಲ ಅನ್ನುವುದು ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ತೋಟದಲ್ಲಿ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಹೊತ್ತಿಗೇ ಈ ಪ್ರವಾಸ. ಮನೆಯಲ್ಲಿ ಅದಕ್ಕೆ ನಡೆದ ಚರ್ಚೆ ಇಲ್ಲಿ ಬೇಡ.

ವೀಸಾಗೆ ಇನ್ಶೂರೆನ್ಸ್ ಬೇಕೇ ಬೇಕು. ಇಟಲಿಯೂ ಸೇರಿ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗುವವರ ಪಾಲಿಸಿಯಲ್ಲಿ ಕನಿಷ್ಠ 30,000 ಯೂರೋ ವೈದ್ಯಕೀಯ ಕವರ್ ಇರಬೇಕು. ಏನಾದರೂ ಹೆಚ್ಚುಕಮ್ಮಿಯಾದರೆ ಊರಿಗೆ ವಾಪಸ್ ತರುವ ಖರ್ಚೂ ಅದರಲ್ಲಿ ಸೇರಿರಬೇಕು. ಅದು ವೀಸಾ ಕೊಡುವವರ ಲೆಕ್ಕ. ಐವತ್ತೆರಡು ದಾಟಿದ, ಬಿಪಿ ಮಾತ್ರೆ ನುಂಗುವ ನನಗೆ ಅಷ್ಟು ಸಾಲದು ಅನ್ನಿಸಿ ಒಂದು ಲಕ್ಷ ಡಾಲರಿನ ಪ್ಲಾನ್ ನೋಡಿದೆ.

ಪರಿಚಯದ ಏಜೆಂಟ್ ಹುಡುಗನಿಗೆ ವಿಷಯ ಹೇಳಿದೆ. "ದೋಣಿ ಸವಾರಿ ತಾನೇ ಅಣ್ಣ, ಎಲ್ಲಾ ಕವರ್ ಆಗತ್ತೆ" ಅಂದ. ಬಿಪಿ ಇದೆ ಅಂದರೆ, "ಅದನ್ನ ಬರೀಬೇಡಿ, ಸುಮ್ನೆ ಪ್ರೀಮಿಯಂ ಜಾಸ್ತಿ." ನಾನು ಬರೆದೆ. ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆಯ ಮೊದಲ ಹಾಳೆಯಲ್ಲೇ ಗೊತ್ತಾಗುತ್ತದೆ, ಅಲ್ವಾ? ಬರೆದ ಮಾತ್ರಕ್ಕೆ ಬಿಪಿಗೆ ಪೂರ್ತಿ ಕವರ್ ಸಿಗಲಿಲ್ಲ. ಜೀವಕ್ಕೆ ಅಪಾಯವಾದಾಗ ಮಾತ್ರ ಅಂತಿತ್ತು.

ಆ ರಾತ್ರಿ ಪಾಲಿಸಿಯ ಪೂರ್ತಿ ದಾಖಲೆ ಡೌನ್‌ಲೋಡ್ ಮಾಡಿಕೊಂಡು 'ಯಾವುದಕ್ಕೆ ಕೊಡುವುದಿಲ್ಲ' ಅನ್ನುವ ಭಾಗವನ್ನೇ ಮೊದಲು ಓದಿದೆ. ಸಾಹಸ ಕ್ರೀಡೆಗಳಿಗೆ ಇಲ್ಲ, ವೃತ್ತಿಪರ ಆಟಕ್ಕೆ ಇಲ್ಲ, ಯಾವುದೇ ಬಗೆಯ ರೇಸಿಗೆ ಇಲ್ಲ. ರಾಫ್ಟಿಂಗ್ ಹೆಸರಿತ್ತು, ಸ್ಕೂಬಾ ಇತ್ತು. ರೋಯಿಂಗ್ ಎಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ನಾವು ನಮಗೆ ಬೇಕಾದಂತೆ ಓದುತ್ತೇವೆ, ಕ್ಲೇಮ್ ನೋಡುವವರು ಅವರಿಗೆ ಬೇಕಾದಂತೆ ಓದುತ್ತಾರೆ.

ಹಾಗಾಗಿ ಕಂಪನಿಗೆ ನೇರವಾಗಿ ಮೇಲ್ ಬರೆದೆ. 'ರೋಯಿಂಗ್ ಕವರ್ ಆಗುತ್ತಾ' ಅಂತ ಒಂದು ಸಾಲು ಬರೆಯಲಿಲ್ಲ. ಹುಟ್ಟಿನ ದೋಣಿ, ಎಂಜಿನ್ ಇಲ್ಲ. ನಾಲ್ವರು ಹುಟ್ಟು ಹಾಕುವವರು, ಒಬ್ಬರು ಚುಕ್ಕಾಣಿ ಹಿಡಿಯುವವರು. ಹಿನ್ನೀರಿನಂಥ ಲಗೂನ್, ರಭಸದ ನದಿಯಲ್ಲ. 30 ಕಿಲೋಮೀಟರ್, ಒಂದೇ ದಿನ, ಸ್ಪರ್ಧೆ ಇಲ್ಲ. ಇಂಥ ತಾರೀಖು. ಇದರಲ್ಲಿ ಪೆಟ್ಟಾದರೆ ಕೊಡುತ್ತೀರಾ, ಇಲ್ಲವಾ? ಆರನೇ ದಿನ ಉತ್ತರ ಬಂತು: ಹವ್ಯಾಸಕ್ಕೆ ಮಾಡಿದರೆ ಕೊಡುತ್ತೇವೆ, ರೇಸ್ ಆದರೆ ಇಲ್ಲ. ಅದನ್ನು ಪ್ರಿಂಟ್ ತೆಗೆದು ಪಾಲಿಸಿ ಜೊತೆ ಇಟ್ಟುಕೊಂಡೆ. ದುಡ್ಡು ಕಟ್ಟಿದ್ದು ಆಮೇಲೆ.

ಭಾವನಿಗೂ ಒಂದು ಪ್ರಶ್ನೆ ಕೇಳಬೇಕಿತ್ತು. ನಮ್ಮ ಹುಟ್ಟು ತಾಗಿ ಬೇರೆಯವರಿಗೆ ಪೆಟ್ಟಾದರೆ ನನ್ನ ಪಾಲಿಸಿಯ ಹೊಣೆಗಾರಿಕೆ ಕವರ್ ಇತ್ತು. ಆದರೆ ಎರವಲು ತಂದು ನಾವೇ ಓಡಿಸುವ ದೋಣಿಗೆ ಆಗುವ ಹಾನಿ ಅದರಲ್ಲಿ ಬರುವುದಿಲ್ಲ. ಕ್ಲಬ್ಬಿನ ದೋಣಿಗೆ ಬೇರೆ ಇನ್ಶೂರೆನ್ಸ್ ಇತ್ತು. ಅದರಲ್ಲಿ ನಮ್ಮ ಕೈಯಿಂದ ಹೋಗುವ ಮೊದಲ ಮೊತ್ತವನ್ನು ಐದು ಜನರೂ ಹಂಚಿಕೊಳ್ಳುವುದು ಅಂತ ಹೊರಡುವ ಮೊದಲೇ ಮಾತಾಯಿತು. ನೆಂಟಸ್ತಿಕೆ ಇರುವ ಕಡೆ ಇಂಥದ್ದನ್ನು ಮೊದಲೇ ಆಡಿ ಮುಗಿಸಬೇಕು.

ಹಬ್ಬದ ದಿನ ಬೆಳಿಗ್ಗೆ ವೆನಿಸ್‌ನ ಸೇಂಟ್ ಮಾರ್ಕ್ ಚೌಕದ ಎದುರಿನ ನೀರಿನಿಂದ ಹೊರಟೆವು. ಬುರಾನೋ ದ್ವೀಪ ಸುತ್ತಿ ಮುರಾನೋ ದ್ವೀಪದ ತನಕ ಸುಖವಾಗಿತ್ತು. ಕನ್ನರೇಜಿಯೋ ಕಾಲುವೆಯ ಬಾಯಿಗೆ ಬಂದಾಗ ಸಂತೆ. ಬಯಲಿನಂಥ ಲಗೂನ್‌ನಿಂದ ಬಂದ ದೋಣಿಗಳೆಲ್ಲ ಮೂರು ಕಮಾನಿನ ಸೇತುವೆಯ ಕೆಳಗೇ ನುಗ್ಗಬೇಕು. ಪಕ್ಕದ ದೋಣಿ ಒತ್ತಿತು, ನನ್ನ ಉಂಗುರದ ಬೆರಳು ಅದಕ್ಕೂ ಹುಟ್ಟಿನ ಹಿಡಿಗೂ ನಡುವೆ ಸಿಕ್ಕಿತು. ಅದೇ ಗಲಾಟೆಯಲ್ಲಿ ಕನ್ನಡಕ ನೀರಿಗೆ ಬಿತ್ತು.

ಜೀವಕ್ಕೇ ಬಂದಿದ್ದರೆ ಮೊದಲು 112. ಇದು ಅಂಥದ್ದಲ್ಲ. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಅಷ್ಟೆ. ದಡ ಸೇರಿ ಪಾಲಿಸಿಯಲ್ಲಿದ್ದ ಸಹಾಯವಾಣಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ಮಾತಾಡಿದ ಹುಡುಗಿ ಕೇಸ್ ನಂಬರ್ ಕೊಟ್ಟು, ಎಲ್ಲಿ ತೋರಿಸಬೇಕು ಅಂತ ಹೇಳಿದಳು. ಎಕ್ಸ್‌ರೇ ಆಯಿತು, ಮೂಳೆ ಮುರಿದಿರಲಿಲ್ಲ, ಪಟ್ಟಿ ಕಟ್ಟಿದರು. ಬಿಲ್ಲು, ವೈದ್ಯರ ಚೀಟಿ, ಔಷಧಿ ರಸೀದಿ ಎಲ್ಲವನ್ನೂ ಅಲ್ಲೇ ಫೋಟೋ ತೆಗೆದೆ. ಬೋರ್ಡಿಂಗ್ ಪಾಸನ್ನೂ ಬಿಸಾಡಲಿಲ್ಲ.

ಊರಿಗೆ ಬಂದು ಕ್ಲೇಮ್ ಹಾಕಲು ಕೂತೆ. ಬಿಲ್ ಆಗಿದ್ದು 74 ಯೂರೋ. ನನ್ನ ಪಾಲಿಸಿಯಲ್ಲಿ ಮೊದಲ 100 ಡಾಲರ್ ನಾನೇ ಹೊರಬೇಕು. ಕನ್ನಡಕ? ವಿಮಾನದಲ್ಲಿ ಚೆಕ್-ಇನ್ ಮಾಡಿದ ಲಗೇಜಿಗೆ ಮಾತ್ರ ಕವರ್, ಮೂಗಿನ ಮೇಲಿದ್ದದ್ದಕ್ಕೆ ಇಲ್ಲ. ಒಟ್ಟು ಸಿಕ್ಕಿದ್ದು ಸೊನ್ನೆ. "ಅಷ್ಟೆಲ್ಲ ಓದಿದಿರಲ್ಲ, ಇದನ್ನ ಓದಲಿಲ್ವಾ?" ಅಂತ ಹೆಂಡತಿ ಕೇಳಿದಳು. ಓದಿದ್ದೆ. ಪ್ರೀಮಿಯಂ ಸ್ವಲ್ಪ ಕಡಿಮೆ ಅಂತ ನಾನೇ ಆ ಪ್ಲಾನ್ ಆರಿಸಿದ್ದು.

ಈಗ ಭಾವ ಮತ್ತೆ ಕರೆದಿದ್ದಾರೆ, ಮೊಸೆಲ್ ನದಿಯಲ್ಲಿ ಐದು ದಿನ. ದಾರಿಯಲ್ಲಿ ದೋಣಿಯನ್ನು ಲಾಕ್‌ಗಳಲ್ಲಿ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸುವ ಗೇಟಿನ ಕಟ್ಟೆಗಳಲ್ಲಿ, ಇಳಿಸಿಕೊಂಡು ಹೋಗಬೇಕು, ಸರಕಿನ ಹಡಗುಗಳೂ ಓಡಾಡುತ್ತವೆ. ಅದನ್ನೆಲ್ಲ ಬರೆದು ಕಂಪನಿಗೆ ಮೇಲ್ ಹಾಕಿ ನಾಲ್ಕು ದಿನವಾಯಿತು. ಉತ್ತರ ಇನ್ನೂ ಬಂದಿಲ್ಲ, ಟಿಕೆಟ್ಟೂ ತೆಗೆದಿಲ್ಲ.