ಜುಲು ಇಸಂಗೋಮಾ ಹತ್ತಿರ ಹೋಗುವುದಿದ್ದರೆ ಇದನ್ನು ತಿಳಿದುಕೊಂಡು ಹೋಗಿ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ಗೆ ಹೋಗುವವರಲ್ಲಿ ಹಲವರಿಗೆ ಅಲ್ಲಿನ ಜುಲು ಜನರ ಸಾಂಪ್ರದಾಯಿಕ ವೈದ್ಯರನ್ನು ಕಾಣುವ ಆಸೆ ಇರುತ್ತದೆ. ಹೋಗಿ, ಖಂಡಿತ ಹೋಗಿ. ಆದರೆ ಸುಮ್ನೆ ನೋಡಿ ಫೋಟೋ ತೆಗೆದು ಬರುವ ಜಾಗ ಅದಲ್ಲ.

ಮೊದಲು ಯಾರ ಹತ್ತಿರ ಹೋಗಬೇಕು ಅಂತ ತೀರ್ಮಾನಿಸಿ. ಇನ್ಯಾಂಗಾ ಎಂದರೆ ಬೇರು, ತೊಗಟೆ, ಎಲೆಗಳನ್ನು ಬಲ್ಲವರು. ಆ ವಿದ್ಯೆಯನ್ನು ಕಲಿಯಬಹುದು, ಎಷ್ಟೋ ಸಲ ಅದು ಅಪ್ಪನಿಂದ ಮಗನಿಗೆ ಬರುತ್ತದೆ. ಇಸಂಗೋಮಾ ಬೇರೆ. ಅವರು ಹಿರಿಯರ ಆತ್ಮಗಳ, ಅಂದರೆ ಅಮಾದ್ಲೋಜಿಗಳ ಮಾತು ಕೇಳಿ ಹೇಳುವವರು, ಹೆಚ್ಚಿನವರು ಹೆಂಗಸರು. ಯಾರೂ ತಾವಾಗಿ ಇಷ್ಟಪಟ್ಟು ಇಸಂಗೋಮಾ ಆಗುವುದಿಲ್ಲ. ಆ ಆತ್ಮಗಳ ಕರೆ ಬರುವುದು ಕಾಯಿಲೆಯ ರೂಪದಲ್ಲಿ: ಬಿಡದೆ ಕಾಡುವ ಕನಸು, ಯಾವ ಔಷಧಿಗೂ ಬಗ್ಗದ ನೋವು, ಮನಸ್ಸಿನ ತಳಮಳ. ಒಪ್ಪಿಕೊಂಡ ಮೇಲೆ ಗೊಬೇಲಾ ಎಂಬ ಗುರುವಿನ ಮನೆಯಲ್ಲಿ ಉಕುತ್ವಾಸಾ ಎಂಬ ತರಬೇತಿ ಶುರುವಾಗುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ನಸುಕಿಗೆ ಎದ್ದು ಡೋಲಿನ ಬಡಿತಕ್ಕೆ ಕುಣಿಯಬೇಕು, ಗಿಡಮೂಲಿಕೆ ಕಲಿಯಬೇಕು, ಹಿರಿಯರ ಮುಂದೆ ಮಂಡಿಯೂರಿಯೇ ಮಾತಾಡಬೇಕು, ಕೊನೆಗೆ ಬಚ್ಚಿಟ್ಟ ವಸ್ತುವನ್ನು ಎಲ್ಲರ ಎದುರು ಹುಡುಕಿ ತೆಗೆಯಬೇಕು. ನಿಮ್ಮ ಮುಂದೆ ಕೂತವರು ತಾವೇ ನರಳಿ ಆಮೇಲೆ ಆ ಜಾಗಕ್ಕೆ ಬಂದವರು. ಅವರ ಮೇಲೆ ಗೌರವ ಹುಟ್ಟಲು ಇಷ್ಟು ಸಾಕು ಅಲ್ವಾ?

ಅವರ ಗುಡಿಸಲಿಗೆ ಇಂಡುಂಬಾ ಅನ್ನುತ್ತಾರೆ. ಚಪ್ಪಲಿ ಹೊರಗೇ ಬಿಡಿ. "ಮಖೋಸಿ" ಅಥವಾ "ಥೊಕೋಜಾ" ಎಂದು ನಮಸ್ಕರಿಸಿ, ನೆಲದ ಮೇಲೆ ಕೂತುಕೊಳ್ಳಿ. ಬಾಗಿಲಿನ ಎದುರಿಗೆ, ಗುಡಿಸಲಿನ ಹಿಂಭಾಗದಲ್ಲಿ ಉಂಸಾಮೊ ಇರುತ್ತದೆ. ಅದು ಹಿರಿಯರ ಜಾಗ, ಅತ್ತ ಹೋಗಬೇಡಿ. ಎಷ್ಟು ರ‍್ಯಾಂಡ್ ಕೊಡಬೇಕು ಅಂತ ಮೊದಲೇ ಕೇಳಿಕೊಳ್ಳಿ, ಚೌಕಾಸಿ ಬೇಡ.

ಕೂತ ತಕ್ಷಣ ನಿಮ್ಮ ಕಷ್ಟಗಳನ್ನೆಲ್ಲ ಹೇಳಲು ಹೋಗಬೇಡಿ. ಹೇಳಬೇಕಾದವರು ಅವರು. ಇಂಪೆಪೊ ಎಂಬ ಒಣಗಿಡ ಸುಟ್ಟು ಹೊಗೆ ಹಾಕಿ, ತಮ್ಮ ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾರೆ. ಮೂಳೆ, ಕಪ್ಪೆಚಿಪ್ಪು, ನಾಣ್ಯ, ಕೆಲವರ ಹತ್ತಿರ ದಾಳ ಕೂಡ, ಎಲ್ಲವನ್ನೂ ಚಾಪೆಯ ಮೇಲೆ ಚೆಲ್ಲುತ್ತಾರೆ. ಯಾವುದು ಯಾವುದರ ಪಕ್ಕ ಬಿತ್ತು, ಯಾವುದು ಬೆನ್ನು ತಿರುಗಿಸಿತು ಎನ್ನುವುದರಲ್ಲಿ ಉತ್ತರ ಇರುತ್ತದೆ. ಅವರು ಒಂದೊಂದೇ ಮಾತು ಹೇಳಿದಾಗ ನೀವು "ಸಿಯಾವುಮಾ", ಒಪ್ಪುತ್ತೇವೆ, ಅನ್ನಬೇಕು. ಮಾತು ನಿಮಗೆ ತಟ್ಟಿದರೆ ದನಿ ತಾನೇ ಜೋರಾಗುತ್ತದೆ, ತಟ್ಟದಿದ್ದರೆ ಮೆಲ್ಲಗಾಗುತ್ತದೆ. ದನಿಯ ಏರಿಳಿತ ನೋಡಿ ಊಹಿಸುತ್ತಾರೆ, ಇದು ಮೋಸದ ತಂತ್ರ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯವರೆಲ್ಲ ಒಟ್ಟಿಗೆ ಕೂತು ನಮಗೆ ಎಲ್ಲಿ ನೋಯುತ್ತಿದೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುವ ದಾರಿ ಅದು, ಮತ್ತು ಅಲ್ಲಿ ಕಾಯಿಲೆ ಅಂದರೆ ಮೈಯದ್ದಷ್ಟೇ ಅಲ್ಲ, ಯಾರ ಜೊತೆ ಮಾತು ಬಿಟ್ಟಿದ್ದೀರಿ, ಸತ್ತ ಯಾರಿಗೆ ಮಾಡಬೇಕಾದ್ದನ್ನು ಮಾಡಿಲ್ಲ ಅನ್ನುವುದೂ ಅದರಲ್ಲಿ ಸೇರಿರುತ್ತದೆ. ಉದಾಹರಣೆಗೆ, ಆಸ್ಪತ್ರೆಯಲ್ಲೋ ರಸ್ತೆಯಲ್ಲೋ ಸತ್ತವರ ಆತ್ಮವನ್ನು ಉಮ್ಲಾಹ್ಲಾಂಕೋಸಿ ಮರದ ಮುಳ್ಳುಕೊಂಬೆಯಲ್ಲಿ ಮನೆಗೆ ಕರೆತರುವ ಪದ್ಧತಿ ಇದೆ. ಕೊಂಬೆ ಹಿಡಿದವರು ದಾರಿಯಲ್ಲಿ ಬೇರೆಯವರ ಜೊತೆ ಮಾತಾಡುವುದಿಲ್ಲ. ಟ್ಯಾಕ್ಸಿಯಲ್ಲಿ ಆತ್ಮಕ್ಕೂ ಒಂದು ಸೀಟಿನ ಹಣ ಕೊಡುವವರಿದ್ದಾರೆ.

ಮುತಿ, ಅಂದರೆ ಔಷಧಿ ಕೊಟ್ಟರೆ ಹುಷಾರಾಗಿರಿ. ಏನು ಬೇರು, ಎಷ್ಟು, ಎಷ್ಟು ದಿನ ಅಂತ ಕೇಳಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆ ಹೇಳಿ, ಅವನ್ನು ನಿಲ್ಲಿಸಬೇಡಿ. ಇಂಪಿಲಾ ಎಂಬ ಬೇರು ಪಿತ್ತಜನಕಾಂಗ ಮತ್ತು ಮೂತ್ರಪಿಂಡವನ್ನು ಹಾಳು ಮಾಡಿ ಜೀವ ತೆಗೆದಿದೆ, ಅದನ್ನು ಮುಟ್ಟಲೇಬೇಡಿ. ಡರ್ಬನ್‌ನ ವಾರ್ವಿಕ್ ಮಾರುಕಟ್ಟೆಯಲ್ಲಿ ಮುತಿ ಕೊಳ್ಳುವುದಾದರೆ ಇಸಿಭಾಹಾ ಮರದ ತೊಗಟೆ ಬೇಡ, ಎಲೆ ಕೇಳಿ. ತೊಗಟೆ ಸುಲಿದು ಸುಲಿದು ಆ ಮರ ಅಳಿವಿನಂಚಿಗೆ ಬಂದಿದೆ.

ನಿಜವಾದವರನ್ನು ಗುರುತಿಸಲು ನಿಮ್ಮ ಗೊಬೇಲಾ ಯಾರು ಅಂತ ಕೇಳಿ. ಸರಿಯಾಗಿ ಕಲಿತವರು ಆ ಹೆಸರು ಹೇಳಲು ಹಿಂಜರಿಯುವುದಿಲ್ಲ. ಕಳೆದುಹೋದ ಪ್ರೇಮಿಯನ್ನು ತರುತ್ತೇವೆ, ಲಾಟರಿ ಹೊಡೆಸುತ್ತೇವೆ ಅಂತ ಚೀಟಿ ಹಂಚುವವರಿಂದ ದೂರ ಇರಿ. ನೆರೆಮನೆಯ ಅಜ್ಜಿಯೇ ಮಾಟಗಾತಿ ಅಂತ ಬೆರಳು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಇಂಥ ಆರೋಪದಿಂದ ಅಲ್ಲಿ ಕೊಲೆಗಳೇ ಆಗಿವೆ, 1957ರ ಕಾಯ್ದೆಯಲ್ಲಿ ಹಾಗೆ ಆರೋಪ ಹೊರಿಸುವುದೇ ಅಪರಾಧ. ಸಾಂಪ್ರದಾಯಿಕ ವೈದ್ಯರಿಗೆ ಕಾನೂನಿನ ಮಾನ್ಯತೆ ಕೊಡಲು 2007ರಲ್ಲಿ ಬೇರೆಯದೇ ಕಾಯ್ದೆ ಬಂದಿದೆ.

ನಿಮಗೇ ಕರೆ ಬಂದಿದೆ ಎಂದು ಅವರು ಹೇಳಿದರೆ? ಆಗ ಜಾಸ್ತಿ ನಿಧಾನಿಸಿ. ತರಬೇತಿಗೆ ದುಡ್ಡು ಕಟ್ಟುವ ಮೊದಲು, ಅವರಿಗೆ ಸಂಬಂಧವಿಲ್ಲದ ಇನ್ನೊಬ್ಬ ಇಸಂಗೋಮಾ ಹತ್ತಿರ ಹೋಗಿ, ಮೊದಲನೆಯವರು ಹೇಳಿದ್ದನ್ನು ಬಾಯಿಬಿಡದೆ ಮೂಳೆ ಹಾಕಿಸಿ.